ಕಾಸಲ್‌ಮೇನ್ ಸ್ಟೇಶನ್ ದಾಟುವಾಗ: ಆಸ್ಟ್ರೇಲಿಯಾದ ಲಾಕಪ್ ಸಾವುಗಳಿಗೆ ಉತ್ತರ ಕೊಡೋರು ಯಾರು?

ನೀಲಗಿರಿ_ಎಲೆ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತು ಓದಿ.

ಕೆಲಸದ ಮೇಲೆ ವಾರಕ್ಕೆ ಎರಡು ಸಲ ಮೆಲ್ಬರ್ನ್‌ನಿಂದ ಬೆಂಡಿಗೋಗೆ ರೈಲಿನಲ್ಲಿ ಹೋಗಿ ಬರುತ್ತೇನೆ. ನಡುವೆ ಕಾಸಲ್‌ಮೇನ್ ಅಂತ ಒಂದು ಸ್ಟೇಶನ್ ಸಿಗುತ್ತದೆ. ಚಂದದ ಸಣ್ಣ ಊರು. ಇಷ್ಟು ದಿನ ಅಲ್ಲಿ ರೈಲು ನಿಂತರೆ ಫೋನು ನೋಡಿಕೊಂಡು ಕೂತಿರುತ್ತಿದ್ದೆ. ಅಲ್ಲೇ ಒಬ್ಬ ಹೆಂಗಸನ್ನು ರೈಲಿನಿಂದ ಇಳಿಸಿಕೊಂಡು ಹೋದರು, ಆಕೆ ಮತ್ತೆ ಮನೆಗೆ ಬರಲೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಇತ್ತೀಚೆಗೆ.

ಹೆಸರು ಟಾನ್ಯಾ ಡೇ. ಯೋರ್ಟಾ ಯೋರ್ಟಾ ಎಂಬ ಮೂಲನಿವಾಸಿ ಸಮುದಾಯದವರು, 55 ವರ್ಷ, ಮೊಮ್ಮಕ್ಕಳನ್ನು ಕಂಡ ಅಜ್ಜಿ. 2017ರ ಡಿಸೆಂಬರ್ 5ರಂದು ಎಚುಕಾದಿಂದ ಮೆಲ್ಬರ್ನ್‌ಗೆ ಹೊರಟಿದ್ದರು. ಕುಡಿದಿದ್ದರು, ಸೀಟಿನಲ್ಲೇ ನಿದ್ದೆ ಹೋಗಿದ್ದರು. ಟಿಕೆಟ್ ನೋಡಲು ಬಂದವರಿಗೆ ಸರಿಯಾದ ಉತ್ತರ ಸಿಗಲಿಲ್ಲ, ಅವರು ಪೊಲೀಸರನ್ನು ಕರೆಸಿದರು. ಆಕೆ ಯಾರ ಮೈಮೇಲೂ ಹೋಗಿರಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಕುಡಿದಿರುವುದು, ಅಷ್ಟೇ ಅಪರಾಧ. ಲಾಕಪ್‌ನಲ್ಲಿ ಹಲವು ಸಲ ಬಿದ್ದರು, ಒಂದು ಸಲ ತಲೆ ಗೋಡೆಗೆ ಬಡಿಯಿತು. ಎಲ್ಲವೂ ಕ್ಯಾಮೆರಾದಲ್ಲಿದೆ. ಒಳಗೆ ಹೋಗಿ ಮುಟ್ಟಿ ಮಾತಾಡಿಸಿ ನೋಡಬೇಕಾದವರು ಕಿಟಕಿಯಿಂದ ಇಣುಕಿ ಹೋದರು. ಪೆಟ್ಟು ಎಷ್ಟು ದೊಡ್ಡದು ಎಂದು ಗೊತ್ತಾಗುವ ಹೊತ್ತಿಗೆ ಗಂಟೆಗಟ್ಟಲೆ ಆಗಿತ್ತು. 17 ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

2020ರ ಏಪ್ರಿಲ್‌ನಲ್ಲಿ ಕೊರೋನರ್ ಕೇಟ್ಲಿನ್ ಇಂಗ್ಲಿಷ್ ವರದಿ ಕೊಟ್ಟರು. ಈ ಸಾವು ತಪ್ಪಿಸಬಹುದಿತ್ತು, ಗಂಭೀರ ಅಪರಾಧ ನಡೆದಿರಬಹುದು ಎಂದು ಹೇಳಿ ಫೈಲನ್ನು ಪ್ರಾಸಿಕ್ಯೂಷನ್ ಇಲಾಖೆಗೆ ಕಳಿಸಿದರು. ಆಗಸ್ಟ್‌ನಲ್ಲಿ ಉತ್ತರ ಬಂತು: ಯಾರ ಮೇಲೂ ಕೇಸು ಹಾಕುವುದಿಲ್ಲ.

ಇನ್ನೊಂದು ಮಾತು. ಇವರ ಚಿಕ್ಕಪ್ಪನೂ 1982ರಲ್ಲಿ ಪೊಲೀಸ್ ವಶದಲ್ಲೇ ಸತ್ತಿದ್ದರು. ಅವರನ್ನು ಹಿಡಿದದ್ದು ಯಾಕೆ ಗೊತ್ತಾ? ಕುಡಿದದ್ದಕ್ಕೆ ಹಾಕಿದ್ದ ದಂಡ ಕಟ್ಟಿಲ್ಲ ಅಂತ. ನಡುವೆ 35 ವರ್ಷ ಕಳೆದಿದೆ.

ನಮ್ಮ ಸಂಘದ ರಾಜ್ಯೋತ್ಸವದಲ್ಲಿ ನಾಡಗೀತೆಗೂ ಮೊದಲು ಒಂದು ಚೀಟಿ ಓದುತ್ತೇವೆ, 'ಈ ನೆಲದ ಮೂಲ ಒಡೆಯರಿಗೆ, ಅವರ ಹಿರಿಯರಿಗೆ ನಮನ' ಅಂತ. ಹೋದ ಸಲ ಓದಿದ್ದು ನಾನೇ. ಓದಿ ಇಳಿದು ಬಿಸಿಬೇಳೆಬಾತ್ ಸಾಲಿಗೆ ನಿಂತೆ. ಈಗ ಯಾಕೋ ಇರುಸುಮುರುಸು. ಇದರ ಬಗ್ಗೆ ಜಾಸ್ತಿ ಗೊತ್ತಿರುವವರು ಹೇಳಿ. ಇಲ್ಲಿ ಪೊಲೀಸರು ಯಾರಿಗೆ ಉತ್ತರ ಕೊಡಬೇಕು?

ಕಡ್ಡಿ_ತುಂಡು (ಸಿಡ್ನಿ)

ನನ್ನ ಹೆಸರೇ ಕಡ್ಡಿ ತುಂಡು, ಬೇಜಾರಾಗಬೇಡಿ. ಸಾವು ದುಃಖದ್ದೇ. ಆದರೆ ಈ ವಿಷಯದಲ್ಲಿ ಭಾವನೆ ಜಾಸ್ತಿ, ಲೆಕ್ಕ ಕಮ್ಮಿ. 1987ರಲ್ಲಿ ಇಲ್ಲಿನ ಸರ್ಕಾರವೇ ರಾಯಲ್ ಕಮಿಷನ್, ಅಂದರೆ ದೊಡ್ಡ ತನಿಖಾ ಆಯೋಗ, ಕೂರಿಸಿತು. 1980ರಿಂದ 1989ರ ಮೇ ತನಕ ವಶದಲ್ಲಿ ಆದ ಮೂಲನಿವಾಸಿಗಳ 99 ಸಾವುಗಳನ್ನು ಒಂದೊಂದಾಗಿ ತನಿಖೆ ಮಾಡಿದರು. 1991ರಲ್ಲಿ ಬಂದ ವರದಿ ಏನು ಹೇಳಿತು? ವಶದಲ್ಲಿರುವವರ ಲೆಕ್ಕದಲ್ಲಿ ನೋಡಿದರೆ ಮೂಲನಿವಾಸಿಗಳು ಬೇರೆಯವರಿಗಿಂತ ಜಾಸ್ತಿ ಸಾಯುತ್ತಿಲ್ಲ ಅಂತ. ಪೊಲೀಸರು ಬೇಕೆಂದೇ ಕೊಂದರು ಅಂತಲೂ ಹೇಳಲಿಲ್ಲ. ಇದನ್ನು ಯಾರೂ ಹೇಳುವುದಿಲ್ಲ. ಕುಡಿದು ಬಿದ್ದವರನ್ನು ರೈಲಿನಲ್ಲೇ ಬಿಟ್ಟು, ಅವರು ಹಳಿ ಮೇಲೆ ಬಿದ್ದಿದ್ದರೆ ಆಗಲೂ ಪೊಲೀಸರನ್ನೇ ಬೈಯುತ್ತಿದ್ದರು ಅಲ್ವಾ?

ಹಳೇ_ಕರಿಕೋಟು (ಧಾರವಾಡ)

ಕಡ್ಡಿಯವರೇ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಓದಿ ಪುಸ್ತಕ ಮುಚ್ಚಿದ್ದೀರಿ. ಅದೇ ವರದಿಯ ಮುಂದಿನ ಮಾತು ನೋಡಿ. ಇವರು ಇಷ್ಟು ಸಾಯುವುದಕ್ಕೆ ಕಾರಣ, ಇವರನ್ನು ಅಷ್ಟು ಜಾಸ್ತಿ ಹಿಡಿದು ಒಳಗೆ ಹಾಕುತ್ತಿರುವುದು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕೂ ಇಲ್ಲ. 1991ರಲ್ಲಿ ಜೈಲಿನಲ್ಲಿದ್ದವರಲ್ಲಿ ಶೇ. 14 ಇದ್ದರು. ಆಗ ಎಲ್ಲರೂ ಅಯ್ಯೋ ಅಂದರು. ಈಗ ಮೂರರಲ್ಲಿ ಒಂದು ಪಾಲು ದಾಟಿದೆ. ಅಂದರೆ ಕಮಿಷನ್ ಯಾವುದನ್ನು ರೋಗ ಅಂದಿತೋ ಅದು ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ.

ಇನ್ನೂ ಒಂದು ವಿಷಯ ಆ ವರದಿಯಲ್ಲಿದೆ. ಸತ್ತ 99 ಮಂದಿಯಲ್ಲಿ 43 ಮಂದಿಯನ್ನು ಮಕ್ಕಳಾಗಿದ್ದಾಗ ಮನೆಯವರಿಂದ ಬೇರೆ ಮಾಡಲಾಗಿತ್ತು. ಸರ್ಕಾರ, ಮಿಷನ್‌ಗಳು ಕೂಸುಗಳನ್ನು ಎತ್ತಿಕೊಂಡು ಹೋಗುತ್ತಿದ್ದ ಕಾಲ ಅದು. ಅಂದರೆ ಇವರಲ್ಲಿ ಹಲವರಿಗೆ ಲಾಕಪ್ ಮೊದಲನೇ 'ವಶ' ಅಲ್ಲ.

339 ಶಿಫಾರಸು ಕೊಟ್ಟರು. 79ನೇದು ಏನು? ಸಾರ್ವಜನಿಕವಾಗಿ ಕುಡಿದಿರುವುದನ್ನು ಅಪರಾಧ ಅನ್ನುವುದನ್ನು ಬಿಡಿ ಅಂತ. 1991ರಲ್ಲಿ ಹೇಳಿದ್ದು. ಟಾನ್ಯಾ ಡೇ ಸತ್ತಿದ್ದು 2017. ವಿಕ್ಟೋರಿಯಾದಲ್ಲಿ (ಮೆಲ್ಬರ್ನ್ ಇರುವ ರಾಜ್ಯ) ಆ ಕಾನೂನು ನಿಜವಾಗಿ ಹೋದದ್ದು 2023ರ ನವೆಂಬರ್‌ನಲ್ಲಿ. ಅದೂ ಆ ಮನೆಯ ಮಕ್ಕಳು ವರ್ಷಗಟ್ಟಲೆ ಬೀದಿಯಲ್ಲಿ, ಕೋರ್ಟಿನ ಮೆಟ್ಟಿಲ ಮೇಲೆ ನಿಂತ ಮೇಲೆ. ಹಾಗಾಗಿ ಹೊಣೆ ಅಂದರೆ ಆ ದಿನ ಕಿಟಕಿಯಲ್ಲಿ ಇಣುಕಿದ ಪೊಲೀಸಪ್ಪ ಮಾತ್ರ ಅಲ್ಲ, ಶಿಫಾರಸನ್ನು 26 ವರ್ಷ ಕಪಾಟಿನಲ್ಲಿಟ್ಟವರೂ ಹೌದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಕಪಾಟಿನ ಮೇಲೆ ಎಫ್‌ಐಆರ್ ಹಾಕಲು ಬರುವುದಿಲ್ಲವಲ್ಲ.

ಸುಮ್ನೆ_ಓದುಗ

ಈ ಕೊರೋನರ್ ಅಂದರೆ ಯಾರು? ಜಡ್ಜಾ, ಡಾಕ್ಟರಾ? ಅಪರಾಧ ಆಗಿರಬಹುದು ಅಂತ ಅವರೇ ಹೇಳಿದ ಮೇಲೂ ಕೇಸು ಆಗಲಿಲ್ಲ ಅಂದರೆ ತಲೆಬುಡ ಅರ್ಥ ಆಗಲಿಲ್ಲ.

ಹಳೇ_ಕರಿಕೋಟು (ಧಾರವಾಡ)

ಒಳ್ಳೇ ಪ್ರಶ್ನೆ. ಇಡೀ ಗಂಟು ಇರುವುದೇ ಅಲ್ಲಿ.

ಕೊರೋನರ್ ಕಾನೂನು ಓದಿದವರು, ಮ್ಯಾಜಿಸ್ಟ್ರೇಟ್ ಥರ. ಸಾವು ಹೇಗಾಯಿತು, ಯಾಕಾಯಿತು, ಮುಂದೆ ಹೀಗಾಗದಿರಲು ಏನು ಮಾಡಬೇಕು, ಇಷ್ಟು ಹೇಳುವುದು ಅವರ ಕೆಲಸ. ಇಂಥವರು ತಪ್ಪಿತಸ್ಥರು ಅಂತ ತೀರ್ಪು ಕೊಡುವ ಅಧಿಕಾರ ಇಲ್ಲ. ನಮ್ಮಲ್ಲಿ ಲಾಕಪ್ ಡೆತ್ ಆದರೆ ನ್ಯಾಯಿಕ ಮ್ಯಾಜಿಸ್ಟ್ರೇಟರೇ ವಿಚಾರಣೆ ಮಾಡಬೇಕು ಅಂತ 2005ರಲ್ಲಿ ಕಾನೂನು ತಿದ್ದಿದರಲ್ಲ, ಹೆಚ್ಚುಕಮ್ಮಿ ಅದೇ ಜಾತಿಯದ್ದು. ವರದಿ ಕೊಡಬಹುದು, ಶಿಕ್ಷೆ ಕೊಡಲಾಗದು.

ಅಪರಾಧ ಕಂಡರೆ ಪ್ರಾಸಿಕ್ಯೂಷನ್ ಡೈರೆಕ್ಟರ್‌ಗೆ ಕಳಿಸುತ್ತಾರೆ. ಅವರು ಕೇಳುವ ಪ್ರಶ್ನೆ ಬೇರೆ: ಜ್ಯೂರಿ ಮುಂದೆ ಇದು ಗೆಲ್ಲುವ ಕೇಸಾ? ಅಲ್ಲಿ ಎಡವುತ್ತದೆ. ಯಾಕೆ ಅಂದರೆ ಘಟನೆ ನಡೆದ ಮೊದಲ ಗಂಟೆಗಳಲ್ಲಿ ಸಾಕ್ಷಿ ಕೂಡಿಸಿದವರು ಯಾರು? ಪೊಲೀಸರೇ. ಅದೇ ಇಲಾಖೆಯ ಇನ್ನೊಂದು ವಿಭಾಗ. ಬೇಲಿ ಹೊಲ ಮೇಯ್ದಿದೆಯೇ ಅಂತ ಬೇಲಿಯನ್ನೇ ಕೇಳಿದ ಹಾಗೆ.

ಪಾಮ್ ದ್ವೀಪದ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ್ವೀನ್ಸ್‌ಲ್ಯಾಂಡಿನ ಟೌನ್ಸ್‌ವಿಲ್ ಎದುರಿನ ಸಮುದ್ರದಲ್ಲಿದೆ. ಹತ್ತಾರು ಬೇರೆ ಬೇರೆ ಬುಡಕಟ್ಟುಗಳ ಜನರನ್ನು ಹಿಡಿದು ತಂದು ಬಿಟ್ಟ ದ್ವೀಪ ಅದು. 2004ರ ನವೆಂಬರ್ 19ರ ಬೆಳಿಗ್ಗೆ 36 ವರ್ಷದ ಮುಲ್ರುಂಜಿ ದಾರಿಯಲ್ಲಿ ಹೋಗುತ್ತಾ ಪೊಲೀಸರಿಗೆ ಏನೋ ಅಂದ ಅಂತ ಸಾರ್ಜೆಂಟ್ ಕ್ರಿಸ್ ಹರ್ಲಿ ಹಿಡಿದರು. ಒಂದು ಗಂಟೆಯೊಳಗೆ ಠಾಣೆಯ ಕೋಣೆಯಲ್ಲಿ ಹೆಣ. ನಾಲ್ಕು ಪಕ್ಕೆಲುಬು ಮುರಿದಿತ್ತು, ಪಿತ್ತಜನಕಾಂಗ ಹೆಚ್ಚುಕಡಿಮೆ ಎರಡು ಹೋಳಾಗಿತ್ತು. ಮೆಟ್ಟಿಲಲ್ಲಿ ಎಡವಿ ಬಿದ್ದ ಅಂದರು. ಕಾರು ಗುದ್ದಿದಾಗ ಆಗುವಂಥ ಗಾಯ ಅದು.

ತನಿಖೆಗೆ ಅಂತ ಬಂದ ಅಧಿಕಾರಿಗಳನ್ನು ವಿಮಾನ ನಿಲ್ದಾಣದಿಂದ ಕರೆದುಕೊಂಡು ಬಂದವರು ಯಾರು? ಹರ್ಲಿ. ರಾತ್ರಿ ಊಟ ಎಲ್ಲಿ? ಹರ್ಲಿ ಮನೆಯಲ್ಲಿ. ನಾನು ಮಸಾಲೆ ಹಾಕುತ್ತಿಲ್ಲ, ಆಮೇಲೆ ನಡೆದ ವಿಚಾರಣೆಯಲ್ಲಿ ಹೊರಬಂದ ಸಂಗತಿ ಇದು. ನಲವತ್ತು ವರ್ಷ ಕೋರ್ಟು ನೋಡಿದವನು ನಾನು, ಆರೋಪಿ ಮನೆಯಲ್ಲಿ ಊಟ ಮಾಡಿ ಮಹಜರು ಬರೆದದ್ದನ್ನು ಕೇಳಿರಲಿಲ್ಲ. ಅಥವಾ ನಮ್ಮಲ್ಲಿ ಅದು ಹೊರಗೆ ಬರುವುದಿಲ್ಲವೋ ಏನೋ.

ಒಂದು ವಾರದ ಮೇಲೆ ಶವಪರೀಕ್ಷೆಯ ವರದಿ ಓದಿ ಹೇಳಿದಾಗ ದ್ವೀಪ ಹೊತ್ತಿಕೊಂಡಿತು. ಠಾಣೆ ಸುಟ್ಟರು. 2006ರಲ್ಲಿ ಕೊರೋನರ್, ಈ ಸಾವಿಗೆ ಹರ್ಲಿಯೇ ಕಾರಣ ಅಂದರು. ಪ್ರಾಸಿಕ್ಯೂಷನ್ ಕೇಸು ಬೇಡ ಅಂದಿತು. ಗಲಾಟೆಯಾಗಿ ಬೇರೆ ರಾಜ್ಯದ ನಿವೃತ್ತ ಮುಖ್ಯ ನ್ಯಾಯಮೂರ್ತಿಯಿಂದ ಮರುಪರಿಶೀಲನೆ ಆಯಿತು, ಆಮೇಲೆ ಕೇಸು. 2007ರ ಜೂನ್‌ನಲ್ಲಿ ಟೌನ್ಸ್‌ವಿಲ್ ಜ್ಯೂರಿ ಹರ್ಲಿಯನ್ನು ಬಿಟ್ಟಿತು. ಗಲಾಟೆಗೆ ಜೈಲಿಗೆ ಹೋದವರಲ್ಲಿ ದ್ವೀಪದ ಲೆಕ್ಸ್ ವಾಟನ್ ಒಬ್ಬರು. ಸುಟ್ಟುಹೋದ ಸಾಮಾನಿಗೆ ಅಂತ ಹರ್ಲಿಗೆ ಸರ್ಕಾರ ಸುಮಾರು 1 ಲಕ್ಷ ಡಾಲರ್ ಕೊಟ್ಟಿತು.

ಜಗಲಿ_ಕಾಯುವವ (ನಿರ್ವಾಹಕ)

ಎರಡು ಕಾಮೆಂಟು ತೆಗೆದಿದ್ದೇನೆ. 'ಅವರೆಲ್ಲ ಕುಡುಕರು' ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ. ವಾದ ಮಾಡಿ, ಜನಾಂಗವನ್ನು ಬೈಯಬೇಡಿ. ಸತ್ತವರ ಫೋಟೋನೂ ಹಾಕಬೇಡಿ.

ರಾತ್ರಿ_ಪಾಳಿ (ಪರ್ತ್)

ನಾನು ನರ್ಸ್. ಮಂಡ್ಯದವಳು, ಇಲ್ಲಿಗೆ ಬಂದು ಹನ್ನೊಂದು ವರ್ಷ. ಪೊಲೀಸರ ಜೊತೆ ನಮ್ಮ ಕಡೆಯವರ ಹೆಸರೂ ಬರಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಮಿಸ್ ಧು ಅಂತ ಕರೆಯುತ್ತಾರೆ, ಮನೆಯವರ ಇಚ್ಛೆ ಹಾಗೆ. 22 ವರ್ಷದ ಹುಡುಗಿ, ಯಮಾಟ್ಜಿ ಸಮುದಾಯ. ನಮ್ಮ ರಾಜ್ಯದ ಉತ್ತರದ ಸೌತ್ ಹೆಡ್‌ಲ್ಯಾಂಡ್‌ನಲ್ಲಿ 2014ರ ಆಗಸ್ಟ್ 2ರಂದು ಪೊಲೀಸರು ಆಕೆ ಇದ್ದ ಮನೆಗೆ ಹೋದರು. ಹೋದದ್ದು ಆಕೆಯ ಸಂಗಾತಿಯನ್ನು ಹುಡುಕಿಕೊಂಡು. ಅವನು ಆಕೆಯ ಹತ್ತಿರ ಹೋಗಬಾರದು ಅಂತ ಆದೇಶ ಇತ್ತು. ಹಾಗೇ ಹುಡುಗಿಯ ಹೆಸರನ್ನೂ ಕಂಪ್ಯೂಟರಿಗೆ ಹಾಕಿ ನೋಡಿದರು, ದಂಡ ಬಾಕಿ ಬಂತು. 3,622 ಡಾಲರ್. ಏಟು ತಿಂದವಳನ್ನೂ ಒಳಗೆ ಹಾಕಿದರು. ಆಗ ನಮ್ಮ ರಾಜ್ಯದಲ್ಲಿ ದಂಡವನ್ನು ಜೈಲಿನಲ್ಲಿ ಕೂತು ತೀರಿಸಬಹುದಿತ್ತು.

ಮುರಿದ ಪಕ್ಕೆಲುಬಿನಿಂದ ಸೋಂಕು ರಕ್ತಕ್ಕೆ ಏರಿತ್ತು. ನೋವು ನೋವು ಅಂತ ಅಳುತ್ತಿದ್ದಳು. ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋದರು, ಎರಡು ಸಲವೂ 'ಲಾಕಪ್‌ನಲ್ಲಿ ಇರಲು ಫಿಟ್' ಅಂತ ಚೀಟಿ ಬರೆದು ಕಳಿಸಿದರು. ನೋವಿಗಿಂತ ನಾಟಕವೇ ಜಾಸ್ತಿ ಅಂದುಕೊಂಡರು. ಎರಡನೇ ಸಲ ಜ್ವರವನ್ನೇ ನೋಡಲಿಲ್ಲ. ಮೂರನೇ ದಿನ ಕಾಲು ನಿಲ್ಲುತ್ತಿರಲಿಲ್ಲ. ಕೈಗೆ ಬೇಡಿ ಹಾಕಿ, ಕೈಕಾಲು ಹಿಡಿದು ಎತ್ತಿಕೊಂಡು ವ್ಯಾನಿಗೆ ಹಾಕಿದ ವಿಡಿಯೋ ಇದೆ. ನಾನು ಅರ್ಧ ನೋಡಿ ನಿಲ್ಲಿಸಿದೆ. ಆಸ್ಪತ್ರೆಗೆ ಹೋದ ಸ್ವಲ್ಪ ಹೊತ್ತಿಗೆ ಹೋಗಿಬಿಟ್ಟಳು.

2016ರಲ್ಲಿ ಕೊರೋನರ್ ವರದಿ ಬಂತು. ಪೊಲೀಸರ ನಡತೆ ಅಮಾನವೀಯ ಅಂತ ಬರೆದರು. ಶಿಕ್ಷೆ ಕೇಳಬೇಡಿ, ಇಲಾಖೆಯೊಳಗಿನ ಎಚ್ಚರಿಕೆಯಷ್ಟೇ. ಸರ್ಕಾರ ಕ್ಷಮೆ ಕೇಳಿ ಹಣ ಕೊಟ್ಟಿತು, ಆ ದಂಡದ ಕಾನೂನನ್ನು 2020ರಲ್ಲಿ ತಿದ್ದಿತು.

ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ರಾತ್ರಿ ಎರಡು ಗಂಟೆಗೆ ಒಬ್ಬ ಅಬೊರಿಜಿನಲ್ ಗಂಡಸು ಹೊಟ್ಟೆ ಹಿಡಿದುಕೊಂಡು ಬಂದ. ಒಳಗೆ ಕರೆಯುವ ಮೊದಲೇ ನಮ್ಮವರೊಬ್ಬರು 'ಏನು ಕುಡಿದಿದ್ದಾನೋ' ಅಂದರು. ನಾನೂ ನಕ್ಕೆ. ಆತ ಒಂದು ಹನಿ ಕುಡಿದಿರಲಿಲ್ಲ, ಅಪೆಂಡಿಕ್ಸ್ ಒಡೆದಿತ್ತು. ಬದುಕಿಕೊಂಡ. ಆ ನಗು ಮಾತ್ರ ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ.

ಕುಂದಾಪ್ರ_ಗಾಳಿ

ರಾತ್ರಿ ಪಾಳಿಯವರೇ, ಬರೆದದ್ದಕ್ಕೆ ಥ್ಯಾಂಕ್ಸ್. ಹೀಗೆ ಒಪ್ಪಿಕೊಳ್ಳುವುದು ಸುಲಭ ಅಲ್ಲ.

ಒಂದು ಅನುಮಾನ. 'ಮಿಸ್ ಧು', 'ಮಿಸ್ಟರ್ ವಾರ್ಡ್', 'ಕುಮಾಂಜಯಿ' ಅಂತೆಲ್ಲ ಓದಿದ್ದೇನೆ. ಹೆಸರು ಯಾಕೆ ಪೂರ್ತಿ ಹೇಳುವುದಿಲ್ಲ?

ನೀಲಗಿರಿ_ಎಲೆ (ಮೆಲ್ಬರ್ನ್)

ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುವ ಕಟ್ಟುಪಾಡಿದೆ. ಮಧ್ಯ ಆಸ್ಟ್ರೇಲಿಯಾದಲ್ಲಿ ಹೆಸರಿನ ಬದಲು 'ಕುಮಾಂಜಯಿ' ಅನ್ನುತ್ತಾರೆ. ನಮ್ಮಲ್ಲಿ ದಿವಂಗತ, ಕೈಲಾಸವಾಸಿ ಅಂತ ಸೇರಿಸುತ್ತೇವಲ್ಲ, ಆದರೆ ಇಲ್ಲಿ ಹೆಸರನ್ನೇ ತೆಗೆದು ಇದನ್ನು ಇಡುತ್ತಾರೆ. ಅದಕ್ಕೇ ಒಂದೇ ಊರಿನ ಇಬ್ಬರು ಹುಡುಗರ ಹೆಸರೂ ಕುಮಾಂಜಯಿ ಅಂತಲೇ ಪತ್ರಿಕೆಯಲ್ಲಿ ಬರುತ್ತದೆ. ಎಲ್ಲ ಮನೆಯವರೂ ಹಾಗೇ ಅಂತಲ್ಲ, ಟಾನ್ಯಾ ಡೇ ಮಕ್ಕಳು ಅಮ್ಮನ ಹೆಸರನ್ನು ತಾವೇ ಎಲ್ಲ ಕಡೆ ಹೇಳುತ್ತಾರೆ.

ಕಡ್ಡಿ_ತುಂಡು (ಸಿಡ್ನಿ)

ಮಿಸ್ ಧು ವಿಷಯದಲ್ಲಿ ನನ್ನದೂ ಬಾಯಿ ಕಟ್ಟಿತು. ಸರಿ. ಆದರೆ ಪೊಲೀಸರ ಮೇಲೆ ಕೇಸೇ ಆಗುವುದಿಲ್ಲ ಅನ್ನುವುದು ತಪ್ಪು. ಯುವೆಂಡುಮು ಅನ್ನುವ ಮೂಲನಿವಾಸಿಗಳ ಊರಿನಲ್ಲಿ ಒಬ್ಬ ಹುಡುಗ ಪೊಲೀಸ್ ಗುಂಡಿಗೆ ಸತ್ತ ಪ್ರಕರಣದಲ್ಲಿ ನಾಲ್ಕೇ ದಿನದಲ್ಲಿ ಗುಂಡು ಹೊಡೆದ ಪೊಲೀಸನ ಮೇಲೆ ಕೊಲೆ ಕೇಸು ಹಾಕಿದರು. ಜ್ಯೂರಿ ಎಲ್ಲ ಸಾಕ್ಷಿ ನೋಡಿ ಬಿಟ್ಟಿತು. ಹುಡುಗನ ಕೈಯಲ್ಲಿ ಕತ್ತರಿ ಇತ್ತು, ಪೊಲೀಸನ ಭುಜಕ್ಕೆ ಚುಚ್ಚಿದ. ಮೂರು ದಿನ ಮೊದಲು ಬೇರೆ ಪೊಲೀಸರ ಮುಂದೆ ಕೊಡಲಿ ಎತ್ತಿಕೊಂಡು ನಿಂತಿದ್ದ. ಕೋರ್ಟು ತೀರ್ಪು ಕೊಟ್ಟ ಮೇಲೂ ಒಪ್ಪುವುದಿಲ್ಲ ಅಂದರೆ ಮತ್ತೆ ಕೋರ್ಟು ಯಾಕೆ?

ಹಳೇ_ಕರಿಕೋಟು (ಧಾರವಾಡ)

ತೀರ್ಪನ್ನು ನಾನೂ ಒಪ್ಪುತ್ತೇನೆ. ಖುಲಾಸೆ ಅಂದರೆ ಖುಲಾಸೆ. ಆ ಪೊಲೀಸ್, ಝಾಕರಿ ರೋಲ್ಫ್, ಕಾನೂನಿನ ಕಣ್ಣಲ್ಲಿ ಕೊಲೆಗಾರ ಅಲ್ಲ, ಹಾಗೆ ಯಾರೂ ಬರೆಯಬಾರದು. ಆದರೆ ಕೋರ್ಟು ಉತ್ತರ ಕೊಟ್ಟದ್ದು ಒಂದೇ ಪ್ರಶ್ನೆಗೆ: ಎರಡನೇ, ಮೂರನೇ ಗುಂಡು ಹೊಡೆದದ್ದು ಅಪರಾಧವೇ? ಮೊದಲ ಗುಂಡಿನ ಬಗ್ಗೆ ಕೇಸೇ ಇರಲಿಲ್ಲ.

ಉಳಿದ ಪ್ರಶ್ನೆಗಳು ನೋಡಿ. ಕುಮಾಂಜಯಿ ವಾಕರ್‌ಗೆ 19 ವರ್ಷ, ವಾರ್ಲ್‌ಪಿರಿ ಹುಡುಗ. 2019ರ ನವೆಂಬರ್ 9, ಊರಲ್ಲಿ ಹಿರಿಯರೊಬ್ಬರ ಅಂತ್ಯಕ್ರಿಯೆ ಇತ್ತು. ಅಲ್ಲಿನ ಸಾರ್ಜೆಂಟ್, ಕ್ರಿಯೆ ಮುಗಿಯಲಿ, ಬೆಳಗಿನ ಜಾವ ಸಮಾಧಾನವಾಗಿ ಹಿಡಿಯೋಣ ಅಂತ ಯೋಜನೆ ಮಾಡಿದ್ದರು. ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 300 ಕಿಲೋಮೀಟರ್ ಬಂದ ತಂಡ ಸಂಜೆಯೇ ನುಗ್ಗಿತು. ಆಮೇಲೆ ಹುಡುಗನನ್ನು ಎಲ್ಲಿಗೆ ಒಯ್ದರು? ಠಾಣೆಗೆ. ಕಾರಣ, ಊರಿನ ಆಸ್ಪತ್ರೆಯ ಸಿಬ್ಬಂದಿ ಭದ್ರತೆ ಇಲ್ಲ ಅಂತ ಅವತ್ತೇ ಊರು ಬಿಟ್ಟಿದ್ದರು. ಠಾಣೆಯ ನೆಲದ ಮೇಲೆ ಸುಮಾರು ಒಂದು ಗಂಟೆ ಇದ್ದು ತೀರಿಕೊಂಡ. ಹೊರಗೆ ಮನೆಯವರು ಕಾಯುತ್ತಿದ್ದರು. ರಾತ್ರಿಯಿಡೀ ಅವರಿಗೆ ಹೇಳಲಿಲ್ಲ.

ಈ ಪೊಲೀಸ್ ಫೋನಿನಲ್ಲಿ ಮೂಲನಿವಾಸಿಗಳ ಬಗ್ಗೆ ಏನೇನು ಬರೆದಿದ್ದ ಅನ್ನುವುದು ಜ್ಯೂರಿಗೆ ಗೊತ್ತಾಗಲಿಲ್ಲ, ಕೊರೋನರ್ ವಿಚಾರಣೆಯಲ್ಲಿ ಹೊರಗೆ ಬಂತು. ಕೊರೋನರ್ ಎಲಿಜಬೆತ್ ಆರ್ಮಿಟೇಜ್ 2025ರ ಜುಲೈ 7ರಂದು ಯುವೆಂಡುಮುಗೇ ಹೋಗಿ ವರದಿ ಓದಿದರು. ಆತ ಜನಾಂಗದ್ವೇಷಿ, ಆತ ಕೆಲಸ ಮಾಡಿದ ಇಲಾಖೆಯಲ್ಲೇ ಆ ರೋಗ ಬೇರೂರಿದೆ ಅಂದರು. ವಿಶೇಷ ತುಕಡಿಯ ಪೊಲೀಸರು ಕ್ರಿಸ್ಮಸ್ ಪಾರ್ಟಿಯಲ್ಲಿ ಮೂಲನಿವಾಸಿಗಳನ್ನು ಆಡಿಕೊಳ್ಳುವ 'ಪ್ರಶಸ್ತಿ' ಹಂಚುತ್ತಿದ್ದದ್ದೂ ಹೊರಬಂತು. ಇದೆಲ್ಲ ಕೊಲೆ ಕೇಸಿನೊಳಗೆ ಹಿಡಿಸುವ ವಿಷಯ ಅಲ್ಲ. ಹಾಗಂತ ಯಾರೂ ಉತ್ತರ ಕೊಡಬೇಕಿಲ್ಲ ಅಂತಾನಾ?

ಮತ್ತೆ, ಆ ವರದಿ ಜೂನ್‌ನಲ್ಲೇ ಬರಬೇಕಿತ್ತು. ಮುಂದೆ ಹೋದದ್ದು ಯಾಕೆಂದರೆ ಮೇ 27ರಂದು ಅದೇ ಯುವೆಂಡುಮುವಿನ ಇನ್ನೊಬ್ಬ ಹುಡುಗ, ಕುಮಾಂಜಯಿ ವೈಟ್, 24 ವರ್ಷ, ಆಲಿಸ್ ಸ್ಪ್ರಿಂಗ್ಸ್‌ನ ಒಂದು ಸೂಪರ್‌ಮಾರ್ಕೆಟ್ ಒಳಗೆ ಮಫ್ತಿ ಪೊಲೀಸರು ನೆಲಕ್ಕೆ ಒತ್ತಿ ಹಿಡಿದ ಮೇಲೆ ಸತ್ತ. ಮನೆಯವರು ಹೊರಗಿನವರು ತನಿಖೆ ಮಾಡಲಿ ಅಂದರು. ಪೊಲೀಸ್ ಇಲಾಖೆ, ಬೇಡ, ನಾವೇ ಮಾಡುತ್ತೇವೆ ಅಂದಿತು.

ಸುಮ್ನೆ_ಓದುಗ

ಹಾಗಾದರೆ ಲೆಕ್ಕ ಎಷ್ಟು? ಇದುವರೆಗೆ ಯಾರಿಗಾದರೂ ಶಿಕ್ಷೆ?

ನೀಲಗಿರಿ_ಎಲೆ (ಮೆಲ್ಬರ್ನ್)

1991ರ ವರದಿಯ ನಂತರ ಪೊಲೀಸ್ ಮತ್ತು ಜೈಲು ವಶದಲ್ಲಿ ಸತ್ತ ಮೂಲನಿವಾಸಿಗಳು 600ಕ್ಕಿಂತ ಜಾಸ್ತಿ. ಕಾಯಿಲೆಯಿಂದ ಸತ್ತವರೂ, ನೇಣು ಹಾಕಿಕೊಂಡವರೂ ಇದರಲ್ಲಿದ್ದಾರೆ. ಎಲ್ಲವೂ ಹೊಡೆದು ಕೊಂದದ್ದು ಅಂತ ದಯವಿಟ್ಟು ಹಂಚಬೇಡಿ, ವಾಟ್ಸಾಪ್‌ನಲ್ಲಿ ಆಗಲೇ ಹಾಗೆ ಓಡಾಡುತ್ತಿದೆ. ಈ ಸಾವುಗಳಿಗೆ ಕೊಲೆ ಅಥವಾ ನರಹತ್ಯೆ ಅಂತ ಶಿಕ್ಷೆಯಾದ ಪೊಲೀಸ್ ಒಬ್ಬರೂ ಇಲ್ಲ.

ರಾತ್ರಿ_ಪಾಳಿ (ಪರ್ತ್)

ಆಗದ್ದನ್ನೇ ಹೇಳುತ್ತಿದ್ದೇವೆ, ಆದದ್ದನ್ನೂ ಒಂದು ಹೇಳುತ್ತೇನೆ. ನ್ಯೂ ಸೌತ್ ವೇಲ್ಸ್‌ನಲ್ಲಿ 2000ದಿಂದ ಒಂದು ಫೋನ್ ವ್ಯವಸ್ಥೆ ಇದೆ. ಮೂಲನಿವಾಸಿಯನ್ನು ಠಾಣೆಗೆ ತಂದ ಕೂಡಲೇ ಪೊಲೀಸರು ಅಬೊರಿಜಿನಲ್ ಲೀಗಲ್ ಸರ್ವಿಸ್‌ಗೆ ಫೋನ್ ಮಾಡಲೇಬೇಕು. ಹಗಲು ರಾತ್ರಿ ಒಬ್ಬ ವಕೀಲರು ಆ ಕಡೆ ಇರುತ್ತಾರೆ. ಮೊದಲು ಕೇಳುವುದು ಕೇಸಿನ ಬಗ್ಗೆ ಅಲ್ಲ. ಹುಷಾರಿದ್ದೀಯಾ, ಮಾತ್ರೆ ತಗೋಬೇಕಾ, ಸಾಯಬೇಕು ಅನ್ನಿಸುತ್ತಿದೆಯಾ ಅಂತ. ಇದೂ ರಾಯಲ್ ಕಮಿಷನ್ ಹೇಳಿದ್ದೇ. ಅದು ಶುರುವಾದ ಮೇಲೆ ಅಲ್ಲಿನ ಪೊಲೀಸ್ ಲಾಕಪ್ ಕೋಣೆಗಳಲ್ಲಿ ವರ್ಷಗಟ್ಟಲೆ ಮೂಲನಿವಾಸಿಯ ಸಾವೇ ಆಗಲಿಲ್ಲ. 2016ರಲ್ಲಿ ಮೇಟ್ಲೆಂಡ್‌ನಲ್ಲಿ ಒಬ್ಬ ಹೆಂಗಸು ಸತ್ತರು, ಅವತ್ತು ಆ ಫೋನ್ ಮಾಡಿರಲಿಲ್ಲ. 'ಕುಡಿದಿದ್ದಾರೆ' ಅಂತ ಹಿಡಿದುಕೊಂಡು ಬಂದಿದ್ದರು, ಅಪರಾಧ ಏನೂ ಇಲ್ಲ, ಅದಕ್ಕೆ ಫೋನ್ ಮಾಡುವ ನಿಯಮ ಅನ್ವಯ ಆಗಲ್ಲ ಅಂತ.

ನಮ್ಮ ರಾಜ್ಯಕ್ಕೆ ಆ ಫೋನ್ ಬಂದದ್ದು ಮಿಸ್ ಧು ಸತ್ತ ಮೇಲೆ. 2014ರಲ್ಲಿ ಇದ್ದಿದ್ದರೆ ಆ ಹುಡುಗಿಗೆ ಆ ಕಡೆಯಿಂದ ಯಾರಾದರೂ ಒಬ್ಬರು 'ಎಲ್ಲಿ ನೋವು' ಅಂತ ಕೇಳುತ್ತಿದ್ದರು.

ಕಡ್ಡಿ_ತುಂಡು (ಸಿಡ್ನಿ)

ಇದು ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಇದೇ ರಾಜ್ಯದಲ್ಲಿದ್ದೇನೆ.

ನನ್ನ ವಾದ ಪೂರ್ತಿ ಬಿಡುತ್ತಿಲ್ಲ. ಪೊಲೀಸರನ್ನು ಜೈಲಿಗೆ ಹಾಕುವುದರಿಂದ ಸಾವು ಕಮ್ಮಿ ಆಗುತ್ತದೆ ಅನ್ನುವುದಕ್ಕಿಂತ ಇಂಥ ಫೋನು ಕೆಲಸ ಮಾಡುತ್ತದೆ ಅನ್ನುವುದೇ ನನಗೆ ನಂಬಲು ಸುಲಭ. ಅದಕ್ಕೆ ದುಡ್ಡು ಹಾಕಲಿ.

ಕುಂದಾಪ್ರ_ಗಾಳಿ

ಎರಡೂ ಬೇಕಲ್ಲ ಮಾರಾಯ್ರೆ. ಫೋನ್ ಮಾಡದಿದ್ದರೆ ಏನೂ ಆಗುವುದಿಲ್ಲ ಅಂತ ಗೊತ್ತಿದ್ದರೆ ಯಾರು ಮಾಡುತ್ತಾರೆ? ಹೆಲ್ಮೆಟ್ ಕಾನೂನು ನೋಡಿಲ್ವಾ ನಮ್ಮಲ್ಲಿ.

ಹಳೇ_ಕರಿಕೋಟು (ಧಾರವಾಡ)

ಗಾಳಿಯವರ ಮಾತೇ ನನ್ನದೂ. ಅಲ್ಲಿನ ಕುಟುಂಬಗಳು ಕೇಳುತ್ತಿರುವುದು ಬಹಳ ಸರಳ. ಪೊಲೀಸರ ಮೇಲಿನ ತನಿಖೆ ಪೊಲೀಸರಲ್ಲದವರ ಕೈಯಲ್ಲಿ ಇರಲಿ. ಉತ್ತರ ಐರ್ಲೆಂಡಿನಲ್ಲಿ ಪೊಲೀಸ್ ಓಂಬುಡ್ಸ್‌ಮನ್ ಇದ್ದಾರೆ, ಅವರದೇ ತನಿಖಾ ತಂಡ. ಆಸ್ಟ್ರೇಲಿಯಾದ ರಾಜ್ಯಗಳಲ್ಲೂ ನಿಗಾ ಸಂಸ್ಥೆಗಳಿವೆ, ಆದರೆ ಹೆಚ್ಚಿನ ದೂರು ತಿರುಗಿ ಅದೇ ಇಲಾಖೆಯ ಮೇಜಿಗೆ ಬರುತ್ತದೆ. ನಮ್ಮ ಕರ್ನಾಟಕದಲ್ಲೂ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಪೊಲೀಸ್ ದೂರು ಪ್ರಾಧಿಕಾರ ಆಯಿತು, ಎಷ್ಟು ಜನರಿಗೆ ಅದರ ವಿಳಾಸ ಗೊತ್ತು ಕೇಳಿ ನೋಡಿ. ಆ ವಿಷಯ ಎಳೆದರೆ ಈ ಚರ್ಚೆ ದಾರಿ ತಪ್ಪುತ್ತದೆ, ಬಿಡುತ್ತೇನೆ.

ಹೊರಗಿನವರು ಬಂದು ನೋಡಲು ಬಿಡುತ್ತಾರಾ ಅಂದರೆ ಅದೂ ಕಷ್ಟ. ಚಿತ್ರಹಿಂಸೆ ತಡೆಯುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸೇರಿದ ಹೆಚ್ಚುವರಿ ಕರಾರಿಗೆ ಆಸ್ಟ್ರೇಲಿಯಾ 2017ರಲ್ಲಿ ಸಹಿ ಗಟ್ಟಿ ಮಾಡಿತು. 2022ರ ಅಕ್ಟೋಬರ್‌ನಲ್ಲಿ ಪರಿಶೀಲನಾ ತಂಡ ಬಂದಾಗ ನ್ಯೂ ಸೌತ್ ವೇಲ್ಸ್ ತನ್ನ ಜೈಲಿನೊಳಗೇ ಬಿಡಲಿಲ್ಲ, ಕ್ವೀನ್ಸ್‌ಲ್ಯಾಂಡ್ ಕೂಡ ತಡೆ ಹಾಕಿತು. ತಂಡ ಅರ್ಧಕ್ಕೇ ವಾಪಸ್ ಹೋಯಿತು. ಹೀಗೆ ತಿರುಗಿ ಹೋದದ್ದು ಅವರಿಗೂ ಅಪರೂಪ.

ಸಿಡ್ನಿಯವರೇ, ನಿಮ್ಮೂರಿನ ಲಾಂಗ್ ಬೇ ಜೈಲಿನಲ್ಲೇ 2015ರ ಡಿಸೆಂಬರ್‌ನಲ್ಲಿ ಡೇವಿಡ್ ಡಂಗೇ ಅನ್ನುವ 26 ವರ್ಷದ ಸಕ್ಕರೆ ಕಾಯಿಲೆಯ ಹುಡುಗ, ಬಿಸ್ಕತ್ತು ತಿನ್ನುವುದು ನಿಲ್ಲಿಸಲಿಲ್ಲ ಅಂತ ಸಿಬ್ಬಂದಿ ಬೋರಲು ಒತ್ತಿ ಹಿಡಿದಾಗ ಸತ್ತ. ಉಸಿರಾಡಲು ಆಗುತ್ತಿಲ್ಲ ಅಂತ ಹನ್ನೆರಡು ಸಲ ಕೂಗಿದ್ದು ವಿಡಿಯೋದಲ್ಲಿದೆ. ಅಮೆರಿಕದ ಜಾರ್ಜ್ ಫ್ಲಾಯ್ಡ್ ಸತ್ತಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಇವನ ತಾಯಿ ಲಿಟೋನಾ ಅದಕ್ಕೂ ನಾಲ್ಕೂವರೆ ವರ್ಷ ಮೊದಲಿನಿಂದ ಅದೇ ಮಾತು ಹೇಳಿಕೊಂಡು ಓಡಾಡುತ್ತಿದ್ದರು.

ನೀಲಗಿರಿ_ಎಲೆ (ಮೆಲ್ಬರ್ನ್)

ಕಾನೂನು ತಿದ್ದಿದರೂ ಅದು ನಿಲ್ಲುತ್ತದೆ ಅಂತ ಇಲ್ಲ ನೋಡಿ. ನಮ್ಮಲ್ಲೇ ವೆರೋನಿಕಾ ನೆಲ್ಸನ್, 37 ವರ್ಷ, ಅಂಗಡಿ ಕಳವಿನಂಥ ಆರೋಪ. ಜಾಮೀನು ಸಿಗಲಿಲ್ಲ, ಕೋರ್ಟಿನಲ್ಲಿ ಆಕೆಯ ಪರ ವಕೀಲರೂ ಇರಲಿಲ್ಲ. 2020ರ ಜನವರಿ 2ರಂದು ಜೈಲಿನ ಕೋಣೆಯಲ್ಲಿ ಸತ್ತರು. ರಾತ್ರಿಯೆಲ್ಲ ಇಂಟರ್‌ಕಾಮ್ ಒತ್ತಿ ಸಹಾಯ ಕೇಳಿದ್ದರು. ವಿಕ್ಟೋರಿಯಾದ ಜಾಮೀನು ಕಾನೂನೇ ಪೂರ್ತಿ ಅನಾಹುತ ಅಂತ ಕೊರೋನರ್ 2023ರಲ್ಲಿ ಬರೆದರು. ಸರ್ಕಾರ ನಾಚಿಕೊಂಡು ಕಾನೂನು ಸಡಿಲ ಮಾಡಿತು. 2025ರಲ್ಲಿ ಕಳ್ಳತನ ಜಾಸ್ತಿ ಆಯಿತು ಅಂತ ಗಲಾಟೆ ಎದ್ದಿತು, ಮತ್ತೆ ಬಿಗಿ ಮಾಡಿದರು. ಆಗ ನಮ್ಮ ಬಡಾವಣೆಯ ಕನ್ನಡ ಗ್ರೂಪಿನಲ್ಲೂ 'ಒಳ್ಳೇ ಕೆಲಸ' ಅಂತ ಹೆಬ್ಬೆರಳು ಬಿದ್ದವು. ಒಂದು ನನ್ನದೂ ಇತ್ತು. ನಮ್ಮ ಬೀದಿಯಲ್ಲಿ ಎರಡು ಕಾರು ಕಳುವಾಗಿತ್ತು, ಭಯ ಇತ್ತು. ಈ ಕಾನೂನು ಮೊದಲು ಯಾರ ಕುತ್ತಿಗೆಗೆ ಬೀಳುತ್ತದೆ ಅಂತ ಅವತ್ತು ಯೋಚನೆಯೇ ಬರಲಿಲ್ಲ.

2023ರ ಅಕ್ಟೋಬರ್ ಜನಮತದಲ್ಲಿ, ಮೂಲನಿವಾಸಿಗಳಿಗೆ ಪಾರ್ಲಿಮೆಂಟಿನ ಮುಂದೆ ಮಾತಾಡುವ ಒಂದು ಸಮಿತಿ ಕೊಡೋಣವೇ ಅಂತ ಕೇಳಿದಾಗ ನೂರಕ್ಕೆ ಅರವತ್ತು ಮಂದಿ ಬೇಡ ಅಂದರು. ನಾವೂ ಓಟು ಹಾಕಿದವರೇ. ಯಾರು ಏನು ಹಾಕಿದಿರಿ ಅಂತ ಕೇಳುತ್ತಿಲ್ಲ, ಗಾಬರಿಯಾಗಬೇಡಿ.

ಸುಮ್ನೆ_ಓದುಗ

ನಾನು ಪಿಆರ್ (ಪರ್ಮನೆಂಟ್ ರೆಸಿಡೆಂಟ್), ಓಟು ಇಲ್ಲ. ಬಚಾವ್.

ಆ 339 ಶಿಫಾರಸು ಪೂರ್ತಿ ಓದಲು ಎಲ್ಲಿ ಸಿಗುತ್ತದೆ?

ಹಳೇ_ಕರಿಕೋಟು (ಧಾರವಾಡ)

ಅಂತರ್ಜಾಲದಲ್ಲೇ ಇದೆ, ಐದು ಸಂಪುಟ. ಆದರೆ ಅಲ್ಲಿಂದ ಶುರು ಮಾಡಬೇಡಿ, ನಿದ್ದೆ ಬರುತ್ತದೆ. ಒಬ್ಬೊಬ್ಬರ ಸಾವಿಗೂ ಬೇರೆ ಬೇರೆ ವರದಿ ಬರೆದಿದ್ದಾರೆ, ಅದನ್ನು ಓದಿ. ಪಶ್ಚಿಮ ಆಸ್ಟ್ರೇಲಿಯಾದ ರೋಬೋರ್ನ್‌ನ ಜಾನ್ ಪ್ಯಾಟ್ ವರದಿ ಒಂದು. 1983ರ ಸೆಪ್ಟೆಂಬರ್ 28, ಹೋಟೆಲಿನ ಹೊರಗೆ ರಜೆಯಲ್ಲಿದ್ದ ಪೊಲೀಸರ ಜೊತೆ ಜಗಳ, ಆಮೇಲೆ ಲಾಕಪ್, ತಲೆಗೆ ಪೆಟ್ಟು. 16 ವರ್ಷದ ಹುಡುಗ. ಐವರ ಮೇಲೆ ಕೇಸಾಗಿ ಐವರೂ ಖುಲಾಸೆ. ಮಿಸ್ ಧು ಸತ್ತ ಹೆಡ್‌ಲ್ಯಾಂಡ್ ಅಲ್ಲಿಂದ ದೂರ ಇಲ್ಲ, ಇನ್ನೂರು ಕಿಲೋಮೀಟರ್ ಚಿಲ್ಲರೆ. ಆ ಕಡೆ ಅದೆಲ್ಲ ಪಕ್ಕದ ಊರು ಅಂತಲೇ ಲೆಕ್ಕ.

ಕಡ್ಡಿ_ತುಂಡು (ಸಿಡ್ನಿ)

ಭಾನುವಾರ ಓದುತ್ತೇನೆ. ಜಗಳ ಇದ್ದರೆ ಸೋಮವಾರ ಬರುತ್ತೇನೆ.

ನೀಲಗಿರಿ_ಎಲೆ (ಮೆಲ್ಬರ್ನ್)

ಬನ್ನಿ. ನಾನು ಮಂಗಳವಾರ ರೈಲಿನಲ್ಲಿರುತ್ತೇನೆ, ಕೈನ್‌ಟನ್ ದಾಟಿದ ಮೇಲೆ ಸಿಗ್ನಲ್ ಬರುವುದು ಹೋಗುವುದು. ಉತ್ತರ ತಡವಾದರೆ ಬೈಯಬೇಡಿ.